ಬೋರ್ಡಿನಲ್ಲಿ ಮೂರೂ ಬರೆದಿರೋ ಒಬ್ಬರೇ ಅಟಾರ್ನಿಗೆ ನಮ್ಮ ಮೂರೂ ಕೇಸು ಕೊಡಬಹುದಾ?

ಸಹನಾ_ಈಸ್ಟ್‌ಬೇ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಏಪ್ರಿಲ್ ಮೊದಲ ವಾರ ನಮ್ಮೆಜಮಾನ್ರು ಸೈಕಲ್‌ನಲ್ಲಿ ಆಫೀಸಿಗೆ ಹೋಗ್ತಿದ್ದಾಗ ಪಕ್ಕದ ಊರಿನ ಸಿಗ್ನಲ್ ಹತ್ರ ಬಲಕ್ಕೆ ತಿರುಗಿದ ಪಿಕಪ್ ಟ್ರಕ್ ಒಂದು ಗುದ್ದಿತು. ಕುತ್ತಿಗೆ ಕೆಳಗಿನ ಎಲುಬು ಮುರಿದು ಪ್ಲೇಟ್ ಹಾಕಿದ್ದಾರೆ. ಮೊಣಕಾಲಿನ ಲಿಗಮೆಂಟ್ ಹರಿದಿದೆ, ಫಿಸಿಯೋಥೆರಪಿ ಈಗಲೂ ನಡೀತಿದೆ. ಡ್ರೈವರ್ ಅಲ್ಲೇ ತನ್ನ ತಪ್ಪು ಅಂತ ಒಪ್ಕೊಂಡ್ರು. ವಯಸ್ಸಾದವರು, ಪಾಪ, ಟ್ರಕ್ಕಿನ ಹಿಂದೆ ಗಿಡ ಕತ್ತರಿಸೋ ಸಾಮಾನು ತುಂಬಿತ್ತು. ಅವರ ಕಡೆಯ ಕ್ಲೇಮ್ಸ್ ಅಡ್ಜಸ್ಟರ್ (ಪರಿಹಾರದ ಲೆಕ್ಕ ನೋಡೋರು) ಆಗಾಗ ಫೋನ್ ಮಾಡಿ ವಿಚಾರಿಸ್ತಾರೆ, ತುಂಬಾ ಒಳ್ಳೇ ಮಾತು. "ಅವಸರ ಏನಿಲ್ಲ, ಟ್ರೀಟ್‌ಮೆಂಟ್ ಪೂರ್ತಿ ಮುಗೀಲಿ, ಆಮೇಲೆ ಎಲ್ಲ ಒಟ್ಟಿಗೆ ಸೆಟಲ್ ಮಾಡೋಣ" ಅಂತಾರೆ. ಸೆಪ್ಟೆಂಬರ್ ಬಂತು, ನಾವೂ ಸುಮ್ಮನಿದ್ದೀವಿ.

ಆ ದಿನ ಎಮರ್ಜೆನ್ಸಿಯಲ್ಲಿ ಕೂತಿದ್ದಾಗ ತಲೆಗೆ ಬಂದಿದ್ದು ಎರಡನೇ ವಿಷಯ. ನಮಗೊಂದು ವಿಲ್ ಇಲ್ಲ. ಮಕ್ಕಳಿಬ್ಬರೂ ಚಿಕ್ಕವರು. ಮನೆ ಇಬ್ಬರ ಹೆಸರಲ್ಲಿದೆ, ಸಾಲ ಇನ್ನೂ ಬೇಕಾದಷ್ಟಿದೆ. ಮೈಸೂರಿನಲ್ಲೊಂದು ಸೈಟಿದೆ. ನಮ್ಮಿಬ್ಬರಿಗೂ ಏನಾದ್ರೂ ಆದ್ರೆ ಮಕ್ಕಳು ಯಾರ ಹತ್ರ ಇರಬೇಕು ಅಂತ ಕೂಡ ಎಲ್ಲೂ ಬರೆದಿಟ್ಟಿಲ್ಲ.

ಮೂರನೇದು ನನ್ನ ತಂಗಿಯದು. ಅವಳಿರೋದು ಸ್ಯಾನ್ ಹೋಸೆಯಲ್ಲಿ, ಗಂಡನ ವೀಸಾ ಆಧಾರದ ಮೇಲೆ ಸಿಕ್ಕ ಎಚ್-4 ವೀಸಾ, ಕೆಲಸ ಇಲ್ಲ, ಮೂರು ವರ್ಷದ ಮಗು. ಅವಳ ಗಂಡ ಡಿವೋರ್ಸ್ ಬೇಕು ಅಂತ ಕೂತಿದ್ದಾನೆ. "ಊರಿಗೆ ಹೋಗಿ ಅಲ್ಲೇ ಮುಗಿಸ್ಕೊಳ್ಳೋಣ, ಇಲ್ಲಿ ಲಾಯರ್‌ಗೆ ಯಾಕೆ ದುಡ್ಡು ಸುರೀಬೇಕು" ಅನ್ನೋದು ಅವನ ವಾದ. ಅಮ್ಮ ಫೋನಲ್ಲಿ "ಮಗೂನ ಕರ್ಕೊಂಡು ಬಂದ್ಬಿಡು, ಇಲ್ಲಿ ನೋಡ್ಕೊಳ್ಳೋಣ" ಅಂತಿದ್ದಾರೆ.

ನಮ್ಮನೆ ಹತ್ರದ ಕಾಂಪ್ಲೆಕ್ಸಿನಲ್ಲಿ ಒಬ್ಬರು ಅಟಾರ್ನಿ, ಅಂದ್ರೆ ವಕೀಲರು, ಇದ್ದಾರೆ. ಬೋರ್ಡಿನಲ್ಲಿ ಫ್ಯಾಮಿಲಿ ಲಾ, ಪರ್ಸನಲ್ ಇಂಜುರಿ, ವಿಲ್ಸ್ ಅಂಡ್ ಟ್ರಸ್ಟ್ಸ್ ಮೂರೂ ಇದೆ. ಹೋಗಿ ಮಾತಾಡಿದೆ. ದಕ್ಷಿಣದವರೇ, ಸಮಾಧಾನವಾಗಿ ಕೇಳಿಸ್ಕೊಂಡ್ರು. ಮೂರೂ ತಮಗೇ ಕೊಟ್ಟರೆ ಫೀಸಲ್ಲಿ ಹೊಂದಿಸ್ಕೊಂಡು ಮಾಡ್ತೀನಿ ಅಂದ್ರು. ನನಗೆ ಆಸೆ ಆಗ್ತಿದೆ, ಎಲ್ಲ ಒಂದೇ ಕಡೆ ಆಗುತ್ತಲ್ಲ ಅಂತ. ಎಜಮಾನ್ರು ಬೇಡ ಅಂತಾರೆ, ಕಾರಣ ಹೇಳಲ್ಲ. ತಿಳಿದವರು ಹೇಳಿ.

ರವಿ_ಸ್ಯಾನ್‌ರಾಮೋನ್

ಎಜಮಾನ್ರು ಬೇಗ ಸುಧಾರಿಸ್ಕೊಳ್ಳಲಿ ಮೇಡಂ.

ಯಾರ ಹತ್ರ ಹೋದ್ರೂ ಮೊದಲು ಕ್ಯಾಲಿಫೋರ್ನಿಯಾ ಸ್ಟೇಟ್ ಬಾರ್ (ವಕೀಲರ ನಿಯಂತ್ರಣ ಸಂಸ್ಥೆ) ವೆಬ್‌ಸೈಟಿನಲ್ಲಿ ಅವರ ಹೆಸರು ಹಾಕಿ ನೋಡಿ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಯಾವತ್ತಾದರೂ ಶಿಸ್ತುಕ್ರಮ ಆಗಿದೆಯಾ ಎಲ್ಲ ಅಲ್ಲೇ ಬರುತ್ತೆ, ಪುಕ್ಕಟೆ. ಗೂಗಲ್ ಸ್ಟಾರ್ ನಂಬಬೇಡಿ, ಅದು ರಿಸೆಪ್ಶನಿಸ್ಟ್ ಎಷ್ಟು ನಗ್ತಾರೆ ಅನ್ನೋದರ ಲೆಕ್ಕ. ಫ್ಯಾಮಿಲಿ ಲಾ ಮತ್ತು ಎಸ್ಟೇಟ್ ಪ್ಲಾನಿಂಗ್‌ಗೆ ಸ್ಟೇಟ್ ಬಾರ್‌ನವರೇ "ಸರ್ಟಿಫೈಡ್ ಸ್ಪೆಷಲಿಸ್ಟ್" ಅಂತ ಪರೀಕ್ಷೆ ಇಟ್ಟು ಕೊಡ್ತಾರೆ. ಆ ಪಟ್ಟಿಯಲ್ಲಿರೋರೇ ಬೇಕು ಅಂತೇನಿಲ್ಲ, ಹುಡುಕೋಕೆ ಶುರು ಮಾಡೋದಕ್ಕೆ ಒಳ್ಳೇ ಜಾಗ ಅಷ್ಟೇ.

ಆಕ್ಸಿಡೆಂಟ್ ಆದ ಮೇಲೆ ಗೊತ್ತಿಲ್ಲದ ಯಾರೋ ತಾವಾಗೇ ಫೋನ್ ಮಾಡಿ "ನಮ್ಮ ಲಾಯರ್ ಇದ್ದಾರೆ, ನಾಳೆ ಮನೆಗೇ ಬರ್ತಾರೆ" ಅಂದ್ರೆ ಇಟ್ಬಿಡಿ. ಹಾಗೆ ಏಜೆಂಟ್ ಬಿಟ್ಟು ಕೇಸು ಹಿಡಿಯೋದು ಇಲ್ಲಿ ಕಾನೂನುಬಾಹಿರ.

ಹಳೇಫೈಲ್

ಸಹನಾ, ಬಾಕಿ ಎಲ್ಲ ಆಮೇಲೆ. ಒಂದು ಪ್ರಶ್ನೆ ಕೇಳ್ತೀನಿ, ಇವತ್ತೇ ನೋಡಿ ಹೇಳಿ. ಆ ಪಿಕಪ್ ಟ್ರಕ್ ಯಾರದ್ದು? ಡ್ರೈವರ್ ಹೆಸರಲ್ಲ ನಾನು ಕೇಳ್ತಿರೋದು. ಪೊಲೀಸ್ ರಿಪೋರ್ಟಿನಲ್ಲಿ ಗಾಡಿ ಓನರ್ ಅಂತ ಬೇರೆ ಕಾಲಂ ಇರುತ್ತೆ, ಅದರಲ್ಲಿ ಏನಿದೆ? ಫೋಟೋ ತೆಗೆದಿದ್ರೆ ನಂಬರ್ ಪ್ಲೇಟಿನ ಮೇಲೆ "ಎಕ್ಸೆಂಪ್ಟ್" ಅಂತ ಇದೆಯಾ ನೋಡಿ. ಗಿಡ ಕತ್ತರಿಸೋ ಸಾಮಾನು ಅಂದಿರಲ್ಲ, ಅಲ್ಲೇ ನನ್ನ ಕಣ್ಣು ನಿಂತಿತು.

ನೀವು ನೋಡೋವರೆಗೆ ಮಿಕ್ಕಿದ್ದು ಹೇಳ್ತೀನಿ. ನಾನು ವಕೀಲೆ ಅಲ್ಲ, ಇಲ್ಲಿನ ಲಾ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದ್ರೆ ವಕೀಲರ ಸಹಾಯಕಿ. ಹಾಗಾಗಿ ಇದು ಕಾನೂನು ಸಲಹೆ ಅಲ್ಲ. ಟೇಬಲ್‌ನ ಈ ಕಡೆ ಕೂತವಳಿಗೆ ಕಾಣೋದು ಇಷ್ಟು ಅಂತ ತಿಳ್ಕೊಳ್ಳಿ.

ನಿಮ್ಮ ಮೂರು ಕೆಲಸಕ್ಕೆ ದುಡ್ಡು ಹುಟ್ಟೋ ರೀತಿಯೇ ಮೂರು. ಗಾಯದ ಕೇಸಲ್ಲಿ ವಕೀಲರಿಗೆ ಗೆದ್ದದ್ದರಲ್ಲಿ ಪಾಲು, ಸೋತರೆ ಫೀಸಿಲ್ಲ. ಡಿವೋರ್ಸ್‌ನಲ್ಲಿ ಗಂಟೆ ಲೆಕ್ಕ. ವಿಲ್, ಟ್ರಸ್ಟಿಗೆ ಸಾಮಾನ್ಯವಾಗಿ ಒಟ್ಟು ಇಷ್ಟು ಅಂತ ಗುತ್ತಿಗೆ. ಮೂರನ್ನೂ ಸೇರಿಸಿ "ಹೊಂದಿಸ್ಕೊಂಡು ಮಾಡ್ತೀನಿ" ಅಂದ್ರೆ ಯಾವುದನ್ನ ಯಾವುದರ ಜೊತೆ ಹೊಂದಿಸ್ತಾರೆ? ಡಿವೋರ್ಸ್ ಸಿಕ್ಕರೆ ಇಷ್ಟು, ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡೋದು ಕ್ಯಾಲಿಫೋರ್ನಿಯಾ ನಿಯಮದಲ್ಲಿ ನಿಷಿದ್ಧ. ಮೂರು ಕೆಲಸಕ್ಕೂ ಬೇರೆ ಬೇರೆ ಕರಾರು ಪತ್ರ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದ್ರೆ ಎಜಮಾನ್ರು ಹೇಳದೇ ಇರೋ ಕಾರಣ ಅದೇ ಇರಬಹುದು.

ಗಾಯದ ಕೇಸಿನ ಕರಾರು ಬಾಯಿಮಾತಲ್ಲಿ ಆಗೋ ಹಾಗೇ ಇಲ್ಲ, ಬರವಣಿಗೆಯಲ್ಲೇ ಇರಬೇಕು, ನಿಮಗೊಂದು ಪ್ರತಿ ಕೊಡಬೇಕು. ಪರ್ಸೆಂಟೇಜ್ ಕಾನೂನು ನಿಗದಿ ಮಾಡಿದ್ದಲ್ಲ, ಚೌಕಾಸಿ ಮಾಡಬಹುದು ಅಂತ ಅದೇ ಕಾಗದದಲ್ಲಿ ಬರೆದಿರಬೇಕು ಅಂತಲೂ ಕಾನೂನಿದೆ. ಇದನ್ನ ಓದೋರು ಯಾರೂ ಇಲ್ಲ. ಕೋರ್ಟಿಗೆ ಹೋಗದೆ ಇತ್ಯರ್ಥವಾದ್ರೆ ಮೂರನೇ ಒಂದು ಭಾಗ, ದಾವೆ ಹೂಡಿದ ಮೇಲೆ ಶೇ. 40 ಅನ್ನೋದು ರೂಢಿ. ಆದರೆ ಪರ್ಸೆಂಟೇಜ್‌ಗಿಂತ ಹೆಚ್ಚು ಕೇಳಬೇಕಾದ್ದು ಅದನ್ನ ಯಾವುದರ ಮೇಲೆ ಹಾಕ್ತಾರೆ ಅಂತ. 90 ಸಾವಿರ ಡಾಲರ್ ಬಂತು, ಖರ್ಚು 6 ಸಾವಿರ ಅಂತಿಟ್ಕೊಳ್ಳಿ. ಪೂರ್ತಿ ಮೊತ್ತದ ಮೇಲೆ ಮೂರನೇ ಒಂದು ಭಾಗ ಅಂದ್ರೆ 30 ಸಾವಿರ. ಖರ್ಚು ಕಳೆದ ಮೇಲೆ ಅಂದ್ರೆ 28 ಸಾವಿರ. ಕೇಸು ದೊಡ್ಡದಾಗಿ ಎಕ್ಸ್‌ಪರ್ಟ್ ಸಾಕ್ಷಿಗಳು ಬಂದ್ರೆ ಖರ್ಚು ಹತ್ತಿಪ್ಪತ್ತು ಸಾವಿರಕ್ಕೆ ಆರಾಮಾಗಿ ಏರುತ್ತೆ, ಆಗ ಈ ವ್ಯತ್ಯಾಸ ಚಿಕ್ಕದಲ್ಲ. ಸೋತರೆ ಆ ಖರ್ಚು ಯಾರ ತಲೆ ಮೇಲೆ ಅಂತಲೂ ಕೇಳಿ. ಫೀಸಿಲ್ಲ ಅಂದ್ರೆ ಖರ್ಚೂ ಇಲ್ಲ ಅಂತ ಅರ್ಥ ಅಲ್ಲ.

ಇನ್ನೊಂದು, ನಿಮ್ಮ ಹೆಲ್ತ್ ಇನ್ಶೂರೆನ್ಸ್. ಆಪರೇಷನ್ನಿಗೆ ಅವರು ಕಟ್ಟಿದ ದುಡ್ಡನ್ನ ಸೆಟಲ್‌ಮೆಂಟಿನಿಂದ ವಾಪಸ್ ಕೇಳ್ತಾರೆ. ದೊಡ್ಡ ಕಂಪನಿಗಳು ತಾವೇ ದುಡ್ಡು ಹಾಕಿ ನಡೆಸೋ ಪ್ಲಾನ್ ಆದ್ರೆ ಇನ್ನೂ ಬಿಗಿ. ಆ ಮೊತ್ತವನ್ನ ಮಾತಾಡಿ ಇಳಿಸೋದು ಗಾಯದ ಕೇಸು ಮಾಡೋ ವಕೀಲರ ಅರ್ಧ ಕೆಲಸ, ಆದರೆ ಯಾವ ಜಾಹೀರಾತಿನಲ್ಲೂ ಅದು ಬರಲ್ಲ. ಜಾಹೀರಾತು ಅಂದೆ ನೋಡಿ, 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅರಿಝೋನಾದ ಒಂದು ಕೇಸಲ್ಲಿ ವಕೀಲರು ಜಾಹೀರಾತು ಕೊಡಬಹುದು ಅಂತ ತೀರ್ಪು ಕೊಟ್ಟಿತು. ಫ್ರೀವೇ ಪಕ್ಕದ ಜಾಹೀರಾತು ಫಲಕಗಳಲ್ಲಿ ಕೈಕಟ್ಟಿಕೊಂಡು ನಿಂತಿರೋ ಸೂಟಿನವರೆಲ್ಲ ಆಮೇಲೆ ಹುಟ್ಟಿದವರು.

ಆ ಅಟಾರ್ನಿಗೆ ಒಂದೇ ಪ್ರಶ್ನೆ ಕೇಳಿ ನೋಡಿ: "ಈ ಆಕ್ಸಿಡೆಂಟ್ ಕೇಸನ್ನ ನೀವೇ ನಡೆಸ್ತೀರಾ, ಬೇರೆಯವರಿಗೆ ಕಳಿಸ್ತೀರಾ?" ಸಹಿ ಮಾಡಿಸ್ಕೊಂಡು ಇನ್ನೊಂದು ಆಫೀಸಿಗೆ ದಾಟಿಸಿ ಫೀಸಲ್ಲಿ ಪಾಲು ತಗೊಳ್ಳೋದು ತಪ್ಪೇನಲ್ಲ. ಆದರೆ ನಿಮಗೆ ಪೂರ್ತಿ ತಿಳಿಸಿ, ನಿಮ್ಮ ಲಿಖಿತ ಒಪ್ಪಿಗೆ ತಗೋಬೇಕು, ಆ ಪಾಲಿನ ನೆಪದಲ್ಲಿ ನಿಮ್ಮ ಫೀಸು ಏರಬಾರದು. ಹಾಗೇ ಅವರಿಗೆ ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್ (ವಕೀಲರ ತಪ್ಪಿನಿಂದ ಆಗೋ ನಷ್ಟಕ್ಕೆ ವಿಮೆ) ಇದೆಯಾ ಕೇಳಿ. ಇಲ್ಲಿ ಅದು ಕಡ್ಡಾಯ ಅಲ್ಲ, ಇಲ್ಲದಿದ್ದರೆ ಮಾತ್ರ ಬರವಣಿಗೆಯಲ್ಲಿ ತಿಳಿಸಬೇಕು.

ತಂಗಿ ವಿಷಯಕ್ಕೆ ಆ ಆಫೀಸು ಬೇಡ ಅನ್ನೋದು ನನ್ನ ಮಾತು. ಮನೆ ಹತ್ರ ಇದ್ರೆ ಲೋಕಲ್ ಅಲ್ಲ, ಕೇಸು ನಡೆಯೋ ಕೋರ್ಟಿಗೆ ಹತ್ತಿರದವರಾಗಿದ್ರೆ ಲೋಕಲ್. ನಿಮ್ಮ ಫ್ರೀಮಾಂಟ್ ಅಲಮೀಡಾ ಕೌಂಟಿ, ಅಲ್ಲಿನ ಫ್ಯಾಮಿಲಿ ಕೋರ್ಟ್ ಹೇವರ್ಡ್‌ನಲ್ಲಿ. ತಂಗಿದು ಸಾಂಟಾ ಕ್ಲಾರಾ ಕೌಂಟಿ, ಕೋರ್ಟ್ ಸ್ಯಾನ್ ಹೋಸೆ ಡೌನ್‌ಟೌನಿನಲ್ಲಿ. ಅಲ್ಲಿ ವಾರವಾರವೂ ನಿಲ್ಲೋರಿಗೆ ಯಾವ ಜಡ್ಜ್ ಏನು ಓದ್ತಾರೆ, ಯಾವ ಮೀಡಿಯೇಟರ್ ಮಗುವಿನ ವಿಷಯದಲ್ಲಿ ತಾಳ್ಮೆಯವರು ಅನ್ನೋದು ಗೊತ್ತಿರುತ್ತೆ.

ಮಲೆನಾಡಿಗ_408

ಹಳೇಫೈಲ್ ಮೇಡಂ ಹೇಳಿದ್ದರಲ್ಲಿ ಹೆಚ್ಚುಕಮ್ಮಿ ಎಲ್ಲ ಒಪ್ಪಿದೆ, ಒಂದು ಬಿಟ್ಟು. ಬೋರ್ಡಿನಲ್ಲಿ ಮೂರು ಬರೆದವರನ್ನೆಲ್ಲ ದೂರ ಇಡೋದು ಸರಿಯಲ್ಲ. ನಮ್ಮ ಮನೆಯ ವಿಲ್ ಮಾಡಿದವರು ಅಂಥವರೇ. ಫೋನ್ ಮಾಡಿದ್ರೆ ತಾವೇ ಎತ್ತುತ್ತಾರೆ, ನಮ್ಮ ತಂದೆ ಹೆಸರು ನೆನಪಿಟ್ಟು ಕೇಳ್ತಾರೆ. ದೊಡ್ಡ ಆಫೀಸಲ್ಲಿ ಮೊದಲ ದಿನ ಕೈ ಕುಲುಕಿದ ಪಾರ್ಟ್‌ನರ್ ಮುಖ ಆಮೇಲೆ ಕಾಣಲ್ಲ. ಸರಳವಾದ ಕೆಲಸಕ್ಕೆ ಅಂಥವರು ಸಾಕು ಅಂತ ನನ್ನ ಅನುಭವ.

ಡಿವೋರ್ಸ್ ಸರಳ ಕೆಲಸ ಅಲ್ಲ. ನಮ್ಮ ಅಣ್ಣಂದು ಸ್ಯಾನ್ ಹೋಸೆ ಕೋರ್ಟಿನಲ್ಲೇ ಆಯ್ತು, ಫೈಲು ಹೊತ್ಕೊಂಡು ಓಡಾಡಿದವನು ನಾನು. ಸಹನಾ ಅವರೇ, ತಂಗಿಗೆ ಇಷ್ಟು ಹೇಳಿ.

ಗಂಡ ಇಲ್ಲಿ ಅರ್ಜಿ ಹಾಕಿ ಕಾಗದ ಕೈಗೆ ತಲುಪಿಸಿದ್ರೆ ಉತ್ತರ ಕೊಡೋಕೆ 30 ದಿನ. ಸುಮ್ಮನೆ ಕೂತರೆ ಅವನು ಕೇಳಿದ ಹಾಗೇ ಆಗಿಬಿಡಬಹುದು. ಆ ಸಮನ್ಸ್, ಎಫ್‌ಎಲ್-110, ಅದರ ಹಿಂದಿನ ಪುಟ ಓದಿಸಿ. ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟ್ ಆದೇಶ ಇಲ್ಲದೆ ಮಗುವನ್ನ ರಾಜ್ಯದಿಂದ ಆಚೆ ಕರ್ಕೊಂಡು ಹೋಗೋ ಹಾಗಿಲ್ಲ ಅಂತ ಅದರಲ್ಲೇ ಇದೆ. ಅರ್ಜಿ ಹಾಕಿದವರಿಗೆ ಹಾಕಿದ ದಿನದಿಂದ, ಎದುರಿನವರಿಗೆ ತಲುಪಿದ ದಿನದಿಂದ ಅನ್ವಯ. ಅಮ್ಮ ಪ್ರೀತಿಗೆ ಹೇಳ್ತಿದ್ದಾರೆ, ಆದರೆ ವಕೀಲರನ್ನ ಕೇಳದೆ ಟಿಕೆಟ್ ಬುಕ್ ಮಾಡೋದು ಬೇಡ. ಮಕ್ಕಳ ಅಪಹರಣದ ಮೇಲಿನ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಅಲ್ಲಿಗೆ ಹೋದ್ರೆ ವಾಪಸ್ ಬರೋದು ಕಷ್ಟ ಅಂತ ಇಲ್ಲಿನ ಜಡ್ಜ್‌ಗಳಿಗೂ ಗೊತ್ತು, ಹಾಗಾಗಿ ಗಟ್ಟಿಯಾಗೇ ನೋಡ್ತಾರೆ.

ಕೈಯಲ್ಲಿ ದುಡ್ಡಿಲ್ಲ ಅಂತ ಅವಳು ಹೆದರೋದು ಬೇಡ. ಸಂಪಾದನೆ ಇರೋ ಕಡೆಯವರೇ ಇನ್ನೊಬ್ಬರ ವಕೀಲರ ಫೀಸು ಕೊಡಬೇಕು ಅಂತ ಕೋರ್ಟ್ ಆದೇಶ ಮಾಡಬಹುದು, ಫ್ಯಾಮಿಲಿ ಕೋಡ್ 2030ನೇ ಸೆಕ್ಷನ್. ಮೊದಲ ಭೇಟಿಯಲ್ಲೇ ಆ ನಂಬರ್ ಹೇಳಿ ಕೇಳಲಿ. ಕೋರ್ಟ್ ಶುಲ್ಕ 435 ಡಾಲರ್ ಆಸುಪಾಸು, ವರಮಾನ ಇಲ್ಲದವರಿಗೆ ಅದರ ಮನ್ನಾಕ್ಕೂ ಅರ್ಜಿ ಇದೆ. ನೀವೇ ಅವಳ ಫೀಸು ಕಟ್ಟೋದಾದ್ರೂ ವಕೀಲರು ಅವಳಿಗೆ ವಕೀಲರು, ನಿಮಗಲ್ಲ. ಒಳಗೆ ಮಾತಾಡುವಾಗ ನೀವು ಹೊರಗೆ ಕೂತರೆ ಒಳ್ಳೇದು, ಮೂರನೆಯವರು ಇದ್ದರೆ ಆ ಮಾತಿನ ಗೋಪ್ಯತೆಗೆ ಧಕ್ಕೆ ಬರಬಹುದು.

ರಿಟೇನರ್ ಅಂತ ಕೇಳ್ತಾರಲ್ಲ, ಅದು ಒಟ್ಟು ಫೀಸಲ್ಲ, ಮುಂಗಡ. ಕಕ್ಷಿದಾರರ ದುಡ್ಡಿಗಂತಲೇ ಇರೋ ಟ್ರಸ್ಟ್ ಅಕೌಂಟಿನಲ್ಲಿಟ್ಟು ಕೆಲಸ ಆದಷ್ಟೂ ಮುರ್ಕೊಳ್ತಾರೆ, ಉಳಿದಿದ್ದು ವಾಪಸ್ ಬರಬೇಕು. ಬಿಲ್ಲು ಆರು ಆರು ನಿಮಿಷದ ಲೆಕ್ಕದಲ್ಲಿ ಬರುತ್ತೆ. ಅಣ್ಣ ರಾತ್ರಿ ಎರಡು ಗಂಟೆಗೆ ಎದ್ದು ಒಂದೊಂದು ಸಾಲಿನ ಈಮೇಲ್ ಕಳಿಸ್ತಿದ್ದ, ಒಂದೊಂದಕ್ಕೂ ಬಿಲ್. ಆಮೇಲೆ ನಾನೇ ಎಲ್ಲ ಸೇರಿಸಿ ವಾರಕ್ಕೊಂದು ಕಳಿಸೋಕೆ ಶುರು ಮಾಡಿದೆ.

"ಊರಲ್ಲೇ ಮುಗಿಸೋಣ" ಅನ್ನೋ ಮಾತಿಗೆ ಅವಸರದಲ್ಲಿ ಹೂಂ ಅನ್ನೋದು ಬೇಡ. ಉಲ್ಟಾ ಸಮಸ್ಯೆಯೂ ಇದೆ. ಇಲ್ಲಿ ಆದ ಡಿವೋರ್ಸನ್ನ ಭಾರತದ ಕೋರ್ಟ್ ತಾನಾಗೇ ಒಪ್ಪಲ್ಲ, 1991ರ ನರಸಿಂಹ ರಾವ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಷರತ್ತು ಹಾಕಿದೆ. ಇಬ್ಬರೂ ಮನಸಾರೆ ಆ ಕೋರ್ಟಿಗೆ ಒಳಪಟ್ಟಿದ್ದರಾ, ಕಾರಣ ಯಾವುದು ಅಂತೆಲ್ಲ ನೋಡ್ತಾರೆ. ಹಾಗಾಗಿ ಅಲ್ಲಿನ ವಕೀಲರೊಬ್ಬರ ಹತ್ರವೂ ಒಂದು ಮಾತು ಕೇಳಬೇಕಾಗುತ್ತೆ. ಜೊತೆಗೆ ಡಿವೋರ್ಸ್ ಅಂತಿಮವಾದ ದಿನ ಎಚ್-4 ಆಧಾರ ಹೋಗುತ್ತೆ. ಇಮಿಗ್ರೇಶನ್ ವಕೀಲರು ಬೇರೆಯೇ ಜಾತಿ, ಅವರನ್ನ ಈಗಲೇ ನೋಡಲಿ.

ಸಹನಾ_ಈಸ್ಟ್‌ಬೇ

ಹಳೇಫೈಲ್ ಅಕ್ಕ, ರಿಪೋರ್ಟ್ ತೆಗೆದು ನೋಡಿದೆ. ಓನರ್ ಕಾಲಂನಲ್ಲಿ ಆ ಊರಿನ ಸಿಟಿ ಹೆಸರಿದೆ. ಡ್ರೈವರ್ ಅಲ್ಲಿನ ಪಾರ್ಕ್ಸ್ ವಿಭಾಗದವರಂತೆ. ಅಡ್ಜಸ್ಟರ್ ಬೇರೆ ಯಾವುದೋ ಕಂಪನಿ ಹೆಸರು ಹೇಳ್ತಿದ್ರು, ಹಾಗಾಗಿ ಮಾಮೂಲಿ ಇನ್ಶೂರೆನ್ಸ್ ಅಂದ್ಕೊಂಡಿದ್ವಿ. ಇದರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ? ಎರಡು ವರ್ಷ ಟೈಮಿದೆ ಅಂತ ಎಲ್ಲೋ ಓದಿದ್ದೆ.

ಹಳೇಫೈಲ್

ಆಗುತ್ತೆ. "ಎಕ್ಸೆಂಪ್ಟ್" ಪ್ಲೇಟ್ ಕೇಳಿದ್ದು ಅದಕ್ಕೇ, ಅದು ಸರ್ಕಾರಿ ಗಾಡಿಯ ಗುರುತು. ಎರಡು ವರ್ಷ ಅನ್ನೋದು ಖಾಸಗಿಯವರು ಗುದ್ದಿದಾಗ. ಸಿಟಿ, ಕೌಂಟಿ, ರಾಜ್ಯ, ಬಸ್ ಸಂಸ್ಥೆ, ಸರ್ಕಾರಿ ಶಾಲೆ, ಇಂಥವರ ಗಾಡಿ ಆದ್ರೆ ಆರು ತಿಂಗಳೊಳಗೆ ಅವರಿಗೇ ಲಿಖಿತ ಕ್ಲೇಮ್ ಸಲ್ಲಿಸಿರಬೇಕು. ಅದಿಲ್ಲದೆ ಕೋರ್ಟ್ ಬಾಗಿಲು ತೆರೆಯಲ್ಲ. ಏಪ್ರಿಲ್ ಮೊದಲ ವಾರ ಅಂದ್ರಿ, ಅಂದ್ರೆ ಅಕ್ಟೋಬರ್ ಮೊದಲ ವಾರ ಗಡುವು. ಇನ್ನೂ ದಿನ ಇದೆ, ಗಾಬರಿ ಬೇಡ, ಆದರೆ ಈ ವಾರವೇ ಆಗಬೇಕು.

ಅನೇಕ ಸಿಟಿಗಳು ತಮ್ಮ ಕ್ಲೇಮ್ ವ್ಯವಹಾರವನ್ನ ಹೊರಗಿನ ಕಂಪನಿಗೆ ವಹಿಸಿರ್ತಾರೆ. ಅದಕ್ಕೇ ಫೋನಿನಲ್ಲಿ ಬೇರೆ ಹೆಸರು. ಅಡ್ಜಸ್ಟರ್ ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ, ಒಳ್ಳೆಯವರೇ ಇರಬಹುದು. ಆದರೆ ಅವರ ಜೊತೆ ಎಷ್ಟು ಮಾತುಕತೆ ನಡೆದರೂ ಗಡುವು ಮುಂದೆ ಹೋಗಲ್ಲ, ಅದನ್ನ ನೆನಪಿಸೋದು ಅವರ ಕೆಲಸವೂ ಅಲ್ಲ. "ಟ್ರೀಟ್‌ಮೆಂಟ್ ಮುಗೀಲಿ" ಅಂತ ಕಾದು ಕಾದು ಗಡುವು ದಾಟಿದ ಮೇಲೆ ನಮ್ಮ ಆಫೀಸಿಗೆ ಬಂದವರನ್ನ ನೋಡಿದ್ದೀನಿ. ತಡವಾಗಿ ಸಲ್ಲಿಸೋಕೆ ಅನುಮತಿ ಕೊಡಿ ಅಂತ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು, ಆದರೆ "ಗೊತ್ತಿರಲಿಲ್ಲ" ಅನ್ನೋ ಒಂದೇ ಕಾರಣಕ್ಕೆ ಸಿಗುತ್ತೆ ಅಂತ ನಂಬಿ ಕೂರೋ ಹಾಗಿಲ್ಲ.

ಹೆಚ್ಚಿನ ಸಿಟಿಗಳ ಕ್ಲೇಮ್ ಫಾರ್ಮ್ ಅವರ ವೆಬ್‌ಸೈಟಿನಲ್ಲೇ ಸಿಗುತ್ತೆ, ಒಂದೆರಡು ಪುಟ. ಹೆಸರು, ವಿಳಾಸ, ದಿನ, ಜಾಗ, ಹೇಗಾಯ್ತು, ಏನು ಪೆಟ್ಟು, ಗೊತ್ತಿದ್ರೆ ನೌಕರನ ಹೆಸರು. ಮೊತ್ತ 10 ಸಾವಿರ ಡಾಲರ್ ಮೀರಿದ್ರೆ ಅಂಕಿ ಬರೆಯೋದಲ್ಲ, ಕೇಸು ಯಾವ ಮಟ್ಟದ್ದು ಅಂತ ಮಾತ್ರ ಸೂಚಿಸೋದು. ಇದೇ ನೆಪದಲ್ಲಿ ಒಂದು ವಿಷಯ: ಗಂಡನಿಗೆ ಹೀಗಾದ್ದರಿಂದ ಹೆಂಡತಿಗೆ ಆದ ನಷ್ಟಕ್ಕೂ ಇಲ್ಲಿ ಸ್ವತಂತ್ರ ಹಕ್ಕಿದೆ. ಅದು ಅವರ ಕ್ಲೇಮಿನೊಳಗೆ ತಾನಾಗೇ ಸೇರಲ್ಲ. ನಿಮ್ಮ ಹೆಸರಲ್ಲೂ ಹಾಕಬೇಕಾ ಅಂತ ವಕೀಲರನ್ನ ಕೇಳಿ.

ಸಲ್ಲಿಸಿದ ಮೇಲೆ ಸಿಟಿಗೆ 45 ದಿನ. ತಿರಸ್ಕಾರದ ಪತ್ರ ಬರೋದೇ ಹೆಚ್ಚು, ಬಂದ್ರೆ ಎದೆ ಒಡ್ಕೋಬೇಡಿ. ಆ ಪತ್ರ ಕೊಟ್ಟ ದಿನದಿಂದ ದಾವೆ ಹೂಡೋಕೆ ಮತ್ತೆ ಆರು ತಿಂಗಳು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರ್ತೀನಿ. ನೀವು ಆ ಕಾಂಪ್ಲೆಕ್ಸಿನ ಅಟಾರ್ನಿಗೆ ಆಕ್ಸಿಡೆಂಟ್ ಕಥೆ ಪೂರ್ತಿ ಹೇಳಿದ್ರಿ ಅಲ್ವಾ? ಟ್ರಕ್ ಯಾರದ್ದು ಅಂತ ಅವರು ಕೇಳಿದ್ರಾ? ಗಾಯದ ಕೇಸು ದಿನಾ ನೋಡೋರಿಗೆ ಅದು ಮೊದಲ ಐದು ನಿಮಿಷದ ಪ್ರಶ್ನೆ.

ನಿರ್ಮಲಾ_ಪ್ಲೆಸೆಂಟನ್

ಅಬ್ಬಾ, ಓದಿ ಎದೆ ಧಸಕ್ ಅಂತು. ವಿಲ್ ಬಗ್ಗೆ ನಾನು ಹೇಳ್ತೀನಿ, ಹೋದ ವರ್ಷ ನಾವು ಮುಗಿಸಿದ್ವಿ.

ಬರೀ ವಿಲ್ ಇದ್ರೆ ಪ್ರೊಬೇಟ್ ತಪ್ಪಲ್ಲ ಅನ್ನೋದು ನಮಗೂ ಗೊತ್ತಿರಲಿಲ್ಲ. ಇಬ್ಬರೂ ಹೋದ ಮೇಲೆ ಮನೆ ಮಕ್ಕಳಿಗೆ ಸೇರಬೇಕಾದ್ರೆ ಕೋರ್ಟ್ ಮೂಲಕವೇ. ಅಲ್ಲಿ ವಕೀಲರ ಫೀಸು ಕಾನೂನಲ್ಲೇ ಬರೆದಿದೆ: ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ ಲಕ್ಷಕ್ಕೆ ಶೇ. 3, ಅದರ ಮುಂದಿನ 8 ಲಕ್ಷಕ್ಕೆ ಶೇ. 2, ಆಮೇಲೆ ಶೇ. 1. ನಮ್ಮ ಕಡೆ ಮಾಮೂಲಿ ಮನೆಯೇ 15 ಲಕ್ಷ ಡಾಲರ್ ಅಂತಿಟ್ಕೊಳ್ಳಿ, 28 ಸಾವಿರ ಆಗುತ್ತೆ. ಆಸ್ತಿ ನೋಡ್ಕೊಳ್ಳೋ ಎಕ್ಸಿಕ್ಯೂಟರ್‌ಗೂ ಅಷ್ಟೇ ತಗೊಳ್ಳೋ ಹಕ್ಕಿದೆ. ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಸಾಲ ಕಳೆಯದೆ ಪೂರ್ತಿ ಬೆಲೆ ಮೇಲೆ ಲೆಕ್ಕ. 10 ಲಕ್ಷ ಸಾಲ ಇದ್ರೂ ಅಷ್ಟೇ. 2025ರ ಏಪ್ರಿಲ್‌ನಿಂದ 2,08,850 ಡಾಲರ್ ಒಳಗಿನ ಚರಾಸ್ತಿಗೂ 7,50,000 ಡಾಲರ್ ಒಳಗಿನ ವಾಸದ ಮನೆಗೂ ಸರಳ ದಾರಿ ಇದೆ, ಆದರೆ ನಮ್ಮ ಕಡೆಯ ಮನೆ ಆ ಮೊತ್ತದೊಳಗೆ ಬರೋದು ಕಷ್ಟ.

ಅದಕ್ಕೇ ಲಿವಿಂಗ್ ಟ್ರಸ್ಟ್, ಅಂದ್ರೆ ಬದುಕಿರುವಾಗಲೇ ಆಸ್ತಿಯನ್ನ ಟ್ರಸ್ಟಿನ ಹೆಸರಿಗೆ ಬರೆದಿಡೋದು. ಟ್ರಸ್ಟ್ ಬರೆಸಿ ಚೆಂದದ ಬೈಂಡರ್ ತಂದಿಟ್ರೆ ಮುಗೀಲಿಲ್ಲ, ಮನೆಯನ್ನ ಟ್ರಸ್ಟಿನ ಹೆಸರಿಗೆ ಬರೆದ ಡೀಡ್ ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ದಾಖಲಾಗಬೇಕು. ಗುತ್ತಿಗೆ ಫೀಸಿನಲ್ಲಿ ಡೀಡ್ ಸೇರಿದೆಯಾ ಅಂತ ಮೊದಲೇ ಕೇಳಿ, ನಾವು ವಿಚಾರಿಸಿದವರಲ್ಲಿ ಒಬ್ಬರು ಅದಕ್ಕೆ ಬೇರೆ ಚಾರ್ಜ್ ಅಂದ್ರು. ಹೀಗೆ ವರ್ಗಾಯಿಸಿದ್ರೆ ಪ್ರಾಪರ್ಟಿ ಟ್ಯಾಕ್ಸ್ ಏರಲ್ಲ, ಆ ಹೆದರಿಕೆ ಬೇಡ.

401ಕೆ (ಕಂಪನಿಯ ನಿವೃತ್ತಿ ಖಾತೆ), ಲೈಫ್ ಇನ್ಶೂರೆನ್ಸ್ ಇವೆಲ್ಲ ವಿಲ್ ನೋಡಲ್ಲ, ಸಾಮಾನ್ಯವಾಗಿ ಬೆನಿಫಿಷಿಯರಿ ಅಂತ ಯಾರ ಹೆಸರಿದೆಯೋ ಅವರಿಗೇ; ಮದುವೆಯಾದವರ 401ಕೆಯಲ್ಲಿ ಮಾತ್ರ ಗಂಡ ಅಥವಾ ಹೆಂಡತಿ ಲಿಖಿತವಾಗಿ ಬಿಟ್ಟುಕೊಡದಿದ್ರೆ ಅವರಿಗೇ ಹಕ್ಕು. ನಮ್ಮೆಜಮಾನ್ರ ಹಳೇ ಕಂಪನಿ ಅಕೌಂಟಿನಲ್ಲಿ ಮದುವೆಗೆ ಮುಂಚೆ ಹಾಕಿದ ನಮ್ಮತ್ತೆ ಹೆಸರೇ ಇತ್ತು! ಚಿಕ್ಕ ಮಕ್ಕಳ ಹೆಸರು ನೇರ ಹಾಕೋಕೆ ಮುಂಚೆಯೂ ವಕೀಲರನ್ನ ಕೇಳಿ.

ಮಕ್ಕಳ ಗಾರ್ಡಿಯನ್ ಹೆಸರು ಸಾಮಾನ್ಯವಾಗಿ ಬರೋದು ವಿಲ್‌ನಲ್ಲಿ, ಹಾಗಾಗಿ ಟ್ರಸ್ಟ್ ಇದ್ರೂ ವಿಲ್ ಬೇಕು. ಊರಲ್ಲಿರೋ ಅಕ್ಕನ ಹೆಸರು ಹಾಕಿದ್ರೂ ಅವರು ವೀಸಾ ತಗೊಂಡು ಬರೋವರೆಗೆ ಮಕ್ಕಳನ್ನ ಇಟ್ಕೊಳ್ಳೋಕೆ ಇಲ್ಲೇ ಇರೋ ಒಬ್ಬರು ಬೇಕು. ನಮ್ಮ ವಕೀಲರು ಇದನ್ನ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡ್ಕೊಂಡ್ವಿ, ಯಾರನ್ನ ಕೇಳೋದು ಅಂತಲೇ ಒಂದು ತಿಂಗಳು ಹೋಯ್ತು.

ಮೈಸೂರಿನ ಸೈಟಿಗೆ ಅಲ್ಲೇ ಬೇರೆ ವಿಲ್ ಮಾಡಿಸಿ, ಎರಡು ಸಾಕ್ಷಿ ಸಹಿ ಸಾಕು. ಆದರೆ ಅದರಲ್ಲಿ "ಈ ಹಿಂದಿನ ಎಲ್ಲಾ ಉಯಿಲುಗಳನ್ನು ರದ್ದುಪಡಿಸಿದ್ದೇನೆ" ಅಂತ ರೂಢಿಯ ಸಾಲು ಹಾಕ್ತಾರೆ. ಹಾಗೇ ಬಿಟ್ರೆ ಇಲ್ಲಿನ ವಿಲ್ಲಿಗೂ ಕುತ್ತು. ಎರಡೂ ಕಡೆಯ ವಕೀಲರಿಗೆ ಇನ್ನೊಂದು ವಿಲ್ ಇದೆ ಅಂತ ಗೊತ್ತಿರಬೇಕು.

ಮಲೆನಾಡಿಗ ಅವರು ಹೇಳಿದ್ದು ಸರಿ, ಈ ಕೆಲಸಕ್ಕೆ ನಿಮ್ಮ ಮನೆ ಹತ್ರದವರು ನಡೆದಾರು, ವರ್ಷಕ್ಕೆ ನಾಲ್ಕಾರು ಟ್ರಸ್ಟ್ ಮಾಡ್ತಿದ್ರೆ. ಗಂಡ ಹೆಂಡತಿ ಇಬ್ಬರಿಗೂ ಒಬ್ಬರೇ ವಕೀಲರು ಇರೋದ್ರಿಂದ ಒಬ್ಬರು ಹೇಳಿದ ಗುಟ್ಟು ಇನ್ನೊಬ್ಬರಿಂದ ಮುಚ್ಚಿಡಲ್ಲ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಳ್ತಾರೆ, ಅದನ್ನ ನೋಡಿ ಜಗಳ ಆಡ್ಬೇಡಿ.

ಸಹನಾ_ಈಸ್ಟ್‌ಬೇ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಹಳೇಫೈಲ್ ಅಕ್ಕ, ಇಲ್ಲ, ಅವರು ಟ್ರಕ್ ಯಾರದ್ದು ಅಂತ ಕೇಳಲಿಲ್ಲ. ಮೂಳೆ ಎಷ್ಟು ಮುರಿದಿದೆ, ಆಸ್ಪತ್ರೆ ಬಿಲ್ ಎಷ್ಟು ಅಂತ ಕೇಳಿದ್ರು.

ಗಾಯದ ಕೇಸು ಮಾತ್ರ ಮಾಡೋ ಇಬ್ಬರ ಜೊತೆ ಮಾತಾಡಿದೆ. ಸಿಟಿ ಗಾಡಿ ಅಂದ ತಕ್ಷಣ ಇಬ್ಬರೂ ಮೊದಲು ತಾರೀಕೇ ಕೇಳಿದ್ರು. ಒಬ್ಬರು ಫೀಸು ಪೂರ್ತಿ ಮೊತ್ತದ ಮೇಲೆ ಅಂದ್ರು, ಇನ್ನೊಬ್ಬರು ಖರ್ಚು ಕಳೆದು ಅಂದ್ರು, ಸೋತರೆ ಖರ್ಚು ತಮ್ಮದೇ ಅಂತ ಕರಾರಿನಲ್ಲೇ ತೋರಿಸಿದ್ರು. ನಾಳೆ ಬೆಳಿಗ್ಗೆ ಎರಡನೆಯವರ ಹತ್ರ ಸಹಿ, ಕ್ಲೇಮ್ ಅವರೇ ಸಲ್ಲಿಸ್ತಾರಂತೆ, ನನ್ನ ಹೆಸರಿನದ್ದೂ. ತಂಗಿಗೆ ಸ್ಯಾನ್ ಹೋಸೆಯಲ್ಲಿ ಶುಕ್ರವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀವಿ. ಅಮ್ಮನಿಗೆ ಸಮಾಧಾನ ಹೇಳಿದ್ದಾಯ್ತು, ಒಪ್ಪಿದ್ರಾ ಗೊತ್ತಿಲ್ಲ.

ಒಂದೇ ಡೌಟು. ಅಡ್ಜಸ್ಟರ್ ನಾಳೆ ಮಧ್ಯಾಹ್ನ ಫೋನ್ ಮಾಡ್ತೀನಿ, ಎಜಮಾನ್ರ ಹೇಳಿಕೆ ರೆಕಾರ್ಡ್ ಮಾಡ್ಕೋಬೇಕು ಅಂದಿದ್ದಾರೆ. ಎತ್ತಬೇಕಾ?

ಹಳೇಫೈಲ್

ಎತ್ತಿ. "ವಕೀಲರನ್ನ ಇಟ್ಕೊಂಡಿದ್ದೀವಿ, ಇನ್ಮೇಲೆ ಅವರ ಹತ್ರ ಮಾತಾಡಿ" ಅಂತ ಹೆಸರು, ನಂಬರ್ ಕೊಟ್ಟು ಇಟ್ಬಿಡಿ. ಹೇಗಿದ್ದಾರೆ ಅಂತ ಕೇಳಿದ್ರೆ ರೂಢಿಯಲ್ಲಿ "ಪರವಾಗಿಲ್ಲ, ಚೆನ್ನಾಗಿದ್ದಾರೆ" ಅಂತ ಬಾಯಿಗೆ ಬರುತ್ತೆ ನಮ್ಮವರಿಗೆ, ಅದನ್ನೂ ಹೇಳಬೇಡಿ.

ಕ್ಲೇಮ್ ಸಲ್ಲಿಸಿದ್ದಕ್ಕೆ ಸಿಟಿ ಕ್ಲರ್ಕ್ ಆಫೀಸಿನ ಸೀಲ್ ಬಿದ್ದ ಪ್ರತಿ ನಿಮಗೂ ಒಂದು ಕಳಿಸೋಕೆ ಹೇಳಿ. ಸೈಕಲ್, ಹೆಲ್ಮೆಟ್, ಆವತ್ತು ಹಾಕಿದ್ದ ಜಾಕೆಟ್ ಗ್ಯಾರೇಜಿನಲ್ಲಿದ್ರೆ ಹಾಗೇ ಇರಲಿ. ಒಗೀಬೇಡಿ, ರಿಪೇರಿ ಮಾಡಿಸ್ಬೇಡಿ, ವಕೀಲರು ಫೋಟೋ ತೆಗೆಯೋವರೆಗೆ ಮಕ್ಕಳು ಮುಟ್ಟದ ಹಾಗೆ ಮೇಲಿಡಿ.